ಕೂದಲೆಳೆಯಷ್ಟು ಹೊರಬಂದ ಕನೆಕ್ಟರ್

ಇಂದಿನ ರೋಬೋಟ್ ಸ್ಪರ್ಧೆಯ ಒಂದು ಪಂದ್ಯದ ಕೊನೆಯ 30 ಸೆಕೆಂಡುಗಳಲ್ಲಿ ನಮ್ಮ ರೋಬೋಟ್ ಕಂಬಿಯನ್ನು ಹಿಡಿದು ಮೇಲೇರಿತ್ತು. ಸಮಯ ಮುಗಿದು ಮೋಟಾರುಗಳಿಗೆ ವಿದ್ಯುತ್ ನಿಂತ ಕೂಡಲೇ ಹಗ್ಗ ಸುತ್ತುವ ರಾಟೆ ಹಿಮ್ಮುಖವಾಗಿ ತಿರುಗಿ, ರೋಬೋಟ್ ನಮ್ಮೆಲ್ಲರ ಕಣ್ಣೆದುರೇ ನೆಲಕ್ಕೆ ಬಿತ್ತು.

ಅಲ್ಯೂಮಿನಿಯಂ ಚೌಕಟ್ಟು ಬಾಗಿದ್ದು ಎಲ್ಲರಿಗೂ ಕಾಣುತ್ತಿತ್ತು. ಅದನ್ನು ಬಿಚ್ಚಿ ನೇರ ಮಾಡಿದೆವು. ಆದರೆ ತೋಳು ಮಾತ್ರ ಎತ್ತಿದಲ್ಲಿ ನಿಲ್ಲದೆ ತುದಿಯವರೆಗೂ ಹೋಗಿ ಬಡಿಯುತ್ತಿತ್ತು. ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುತ್ತಾ ಅಮೂಲ್ಯವಾದ ಹತ್ತು ನಿಮಿಷ ಕಳೆದ ಮೇಲೆ, ತಂಡದ ಅತ್ಯಂತ ಕಿರಿಯ ಹುಡುಗಿ ಟಾರ್ಚ್ ಹಿಡಿದು ತೋರಿಸಿದಳು: ಎನ್‌ಕೋಡರಿನ ಪುಟ್ಟ ಬಿಳಿ ಕನೆಕ್ಟರ್ ಸಾಕೆಟ್ಟಿನಿಂದ ಕೂದಲೆಳೆಯಷ್ಟು ಹೊರಬಂದಿತ್ತು. ಮೋಟಾರು ಎಷ್ಟು ತಿರುಗಿದೆ ಎಂದು ಎಣಿಸಿ ಹೇಳುವುದು ಎನ್‌ಕೋಡರ್. ಆ ಎಣಿಕೆ ತಲುಪದಿದ್ದರೆ, ತೋಳು ಇನ್ನೂ ಹೊರಟೇ ಇಲ್ಲವೆಂದು ತಿಳಿದು ಪ್ರೋಗ್ರಾಂ ಮೋಟಾರನ್ನು ತಿರುಗಿಸುತ್ತಲೇ ಇರುತ್ತದೆ.

ಅವಳು ಉಗುರಿನಿಂದ ಒತ್ತಿದಾಗ ಕೇಳಿದ ಆ ಸಣ್ಣ 'ಟಿಕ್' ಸದ್ದು ಇನ್ನೂ ನನ್ನ ಕಿವಿಯಲ್ಲಿದೆ.

ಹಗ್ಗದ ರಾಟೆಯನ್ನು ಕಟ್ಟಿದವನು ನಾನು. ವಿದ್ಯುತ್ ಹೋದರೂ ಹಿಂದಕ್ಕೆ ಜಾರದಂತೆ ಅದಕ್ಕೊಂದು ರ‍್ಯಾಚೆಟ್ ಇರಲಿ ಎಂಬ ಮಾತು ಹಿಂದೆಯೇ ಬಂದಿದ್ದಾಗ, ತೂಕ ಹೆಚ್ಚುತ್ತದೆ ಎಂದು ಬೇಡವೆಂದವನೂ ನಾನೇ. ರೋಬೋಟ್ ಬಿದ್ದ ಆ ಕ್ಷಣದಲ್ಲಿ ಗೆಳೆಯರಲ್ಲಿ ಒಬ್ಬರೂ ನನ್ನ ಕಡೆ ತಿರುಗಿ ನೋಡಲಿಲ್ಲ. ಎಲ್ಲರೂ ರೋಬೋಟಿನತ್ತ ಓಡಿದರು. ಇಡೀ ದಿನ ನನ್ನ ಮನಸ್ಸಿನಲ್ಲಿ ಉಳಿದಿರುವುದು ಅದೇ.

ಮುಂದಿನ ಪಂದ್ಯದಲ್ಲಿ ನಾವು ಮೇಲೇರುವ ಪ್ರಯತ್ನ ಮಾಡಲಿಲ್ಲ. ಈಗ ಅವಳು ಟಾರ್ಚ್ ಹಿಡಿದಿದ್ದಾಳೆ, ನಾನು ರ‍್ಯಾಚೆಟ್ ಕೂರಿಸುತ್ತಿದ್ದೇನೆ.