ರಿಲೇ ಇದ್ದರೂ ಸ್ವಿಚ್ ಸುಟ್ಟಿತ್ತು

ಹೆಡ್‌ಲೈಟಿಗೆ ರಿಲೇ (ಸ್ವಿಚ್ಚಿನ ಸಣ್ಣ ಕರೆಂಟಿನಿಂದ ಬಲ್ಬಿನ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಡಬ್ಬಿ) ಹಾಕಿದ ಗಾಡಿಯೇ ಸ್ವಿಚ್ ಸುಟ್ಟುಕೊಂಡು ಬಂದರೆ ವರ್ಕ್‌ಶಾಪಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: "ಸ್ವಿಚ್ಚೇ ಡೂಪ್ಲಿಕೇಟ್." ಸ್ಟೀರಿಂಗ್ ಕೆಳಗಿನ ಕವರ್ ಬಿಚ್ಚಿದರೆ ಲೈಟ್ ಹಾಕುವ ಕಾಂಬಿನೇಷನ್ ಸ್ವಿಚ್ಚಿನ ಕಪ್ಲರ್ (ವೈರುಗಳ ಪ್ಲಗ್) ಒಂದು ಮೂಲೆಯಲ್ಲಿ ಕಂದು ತಿರುಗಿತ್ತು, ಪಿನ್ನಿನ ಸುತ್ತ ಪ್ಲಾಸ್ಟಿಕ್ ಕರಗಿ ಅಂಟಿಕೊಂಡಿತ್ತು. ಅಷ್ಟರಲ್ಲಿ ಸೂಪರ್‌ವೈಸರ್ ಜಾಬ್ ಕಾರ್ಡಿನಲ್ಲಿ 'ಸ್ವಿಚ್ ರಿಪ್ಲೇಸ್' ಅಂತ ಬರೆದು ಡೆಲಿವರಿ ಟೈಮೂ ಕೊಟ್ಟಾಗಿತ್ತು. ಕಾರಣ ಹುಡುಕುವುದಕ್ಕೆ ಜಾಬ್ ಕಾರ್ಡಿನಲ್ಲಿ ಕಾಲಂ ಇಲ್ಲ ನೋಡಿ.

ಬಾನೆಟ್ ಎತ್ತಿ, ರಿಲೇಗೆ ಕರೆಂಟ್ ಬರುವ 30ನೇ ಪಿನ್ನಿನ ವೈರ್ ಹಿಡಿದು ಹಿಂದಕ್ಕೆ ಹೋದರೆ, ಅದು ಬ್ಯಾಟರಿಗೆ ಹೋಗಿರಲೇ ಇಲ್ಲ. ಹಳೇ ಹೆಡ್‌ಲೈಟ್ ವೈರಿಗೇ ಸುತ್ತಿ ಟೇಪ್ ಹಾಕಿದ್ದರು. ರಿಲೇ ಟಕ್ ಅನ್ನುತ್ತದೆ, ಲೈಟೂ ಉರಿಯುತ್ತದೆ, ಕರೆಂಟ್ ಮಾತ್ರ ಮೊದಲಿನಂತೆ ಸ್ವಿಚ್ ಒಳಗಿಂದಲೇ ಹರಿಯುತ್ತದೆ. ಮೇಲೆ ರಿಲೇಯೊಳಗಿನ ಕಾಯಿಲಿನ (ಕಾಂಟ್ಯಾಕ್ಟ್ ಎಳೆಯುವ ತಂತಿ ಸುರುಳಿಯ) ಲೋಡ್ ಬೇರೆ.

ಸ್ವಿಚ್ ಯಾಕೆ ಸುಡುತ್ತದೆ ಅನ್ನುವುದಕ್ಕೆ ಲೆಕ್ಕ ಸಾಕು. 60/55 ವ್ಯಾಟಿನ (ಹೈ ಬೀಮ್ 60, ಲೋ ಬೀಮ್ 55) ಎರಡು ಫಿಲಮೆಂಟಿನ ಎಚ್4 ಬಲ್ಬ್ ಎರಡು, ಹೈ ಬೀಮಿನಲ್ಲಿ 120 ವ್ಯಾಟ್, ಅಂದರೆ ಸುಮಾರು 9 ಆಂಪ್. ಸವೆದ ಕಾಂಟ್ಯಾಕ್ಟಿನಲ್ಲಿ 0.1 ಓಮ್ ರೆಸಿಸ್ಟೆನ್ಸ್ ಬಂದರೆ ಅಲ್ಲೇ 8 ವ್ಯಾಟ್ ಶಾಖ. ಓನರ್ 100/90 ಬಲ್ಬ್ ಹಾಕಿಸಿದ್ದರೆ 15 ಆಂಪ್ ದಾಟುತ್ತದೆ, ಶಾಖ 23-24 ವ್ಯಾಟಿಗೆ ಏರುತ್ತದೆ: ಕಡಲೆಕಾಳಿನಷ್ಟು ಜಾಗದಲ್ಲಿ ಒಂದು ಸಣ್ಣ ಸೋಲ್ಡರಿಂಗ್ ಐರನ್ ಇಟ್ಟ ಹಾಗೆ. ಲೈಟ್ ಹಾಕಿದ ಕ್ಷಣದಲ್ಲಿ ತಣ್ಣಗಿರುವ ಫಿಲಮೆಂಟ್ ಎಳೆಯುವ ಕರೆಂಟ್ ಇದರ ಎಷ್ಟೋ ಪಟ್ಟು, ಕಾಂಟ್ಯಾಕ್ಟಿನ ಮುಖ ಕೊರೆಯುವುದು ಆಗಲೇ. ಅದೇ ರಿಲೇ ಕಾಯಿಲ್ ಎಳೆಯುವುದು ಹೆಚ್ಚುಕಮ್ಮಿ 0.15 ಆಂಪ್. ಆ ಸವೆದ ಸ್ವಿಚ್ಚಿಗೂ ಅದು ಲೆಕ್ಕಕ್ಕೇ ಇಲ್ಲ.

ಹಾಗಾಗಿ 30ಕ್ಕೆ ಬರುವ ವೈರ್ ನೇರ ಬ್ಯಾಟರಿ ಪ್ಲಸ್ಸಿನಿಂದಲೇ ಬರಬೇಕು. 2.5 ಸ್ಕ್ವೇರ್ ಎಂಎಂ ಸಾಕು, 100/90 ಬಲ್ಬಿಗೆ 4. ಲೋ ಬೀಮಿಗೊಂದು ರಿಲೇ, ಹೈ ಬೀಮಿಗೊಂದು ರಿಲೇ, ಎರಡಕ್ಕೂ ಬೇರೆ ಬೇರೆ ಫ್ಯೂಸ್. ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನೊಳಗೆ ಇರಲಿ. ಫ್ಯೂಸಿಗೂ ಬ್ಯಾಟರಿಗೂ ನಡುವಿನ ವೈರ್ ಗಾಡಿಯ ಮೆಟಲ್ ಬಾಡಿಗೆ ಉಜ್ಜಿದರೆ ಕಾಯುವವರು ಯಾರೂ ಇಲ್ಲ. ಕಂಪನಿ ಕೊಟ್ಟ ವ್ಯಾಟಿನ ಬಲ್ಬಿಗೆ 15 ಆಂಪ್ ಫ್ಯೂಸ್, ದೊಡ್ಡ ಬಲ್ಬಿಗೆ 25. ಒಂದೇ 30 ಆಂಪ್ ಫ್ಯೂಸಿನಲ್ಲಿ ಎರಡೂ ಬೀಮ್ ಮುಗಿಸುವವರನ್ನು ಕಂಡರೆ ಸಿಟ್ಟು ಬರುತ್ತದೆ. ರಾತ್ರಿ ತಿರುವಿನಲ್ಲಿ ಒಂದು ಹೋಲ್ಡರ್ ಶಾರ್ಟ್ ಆದರೆ ಡಿಮ್ಮೂ ಇಲ್ಲ, ಬ್ರೈಟೂ ಇಲ್ಲ.

ರಿಲೇಯಿಂದ ಕರೆಂಟ್ ಹೊರಡುವ 87ನೇ ಪಿನ್ನಿನಿಂದ ಬಲ್ಬಿಗೆ ಹೋಗುವ ವೈರೂ ಅದೇ ಗೇಜ್. ಅರ್ಥ್ ವೈರೂ (ಬ್ಯಾಟರಿ ಮೈನಸ್ಸಿಗೆ ಮರಳುವ ದಾರಿ) ಅಷ್ಟೇ ದಪ್ಪ. ಇದನ್ನೇ ಎಲ್ಲರೂ ಮರೆಯುವುದು: ಪ್ಲಸ್ ಕಡೆ ದಪ್ಪ ವೈರ್ ಎಳೆದು, ಅರ್ಥನ್ನು ಹಳೇ ತೆಳು ವೈರಿಗೆ ಬಿಟ್ಟರೆ ಬಿಸಿ ಅಲ್ಲಿಗೆ ವರ್ಗವಾಗುತ್ತದೆ, ಅಷ್ಟೇ. ಬಾಡಿಗೆ ಅರ್ಥ್ ಕೊಡುವುದಾದರೆ ಪೇಂಟ್ ಕೆರೆದು ಲಗ್ (ವೈರಿನ ತುದಿಯ ಲೋಹದ ಬಳೆ) ಬಿಗಿಯಿರಿ.

ಇನ್ನು ಕಾಯಿಲಿನ ಎರಡು ಪಿನ್, 85-86. ಕೆಲವು ಗಾಡಿಗಳಲ್ಲಿ ಸ್ವಿಚ್ ಇರುವುದು ಅರ್ಥ್ ಕಡೆಗೆ. ಅದು ಗೊತ್ತಿಲ್ಲದೆ 85 ಅನ್ನು ಬಾಡಿಗೆ, 86 ಅನ್ನು ಹಳೇ ಬೀಮ್ ವೈರಿಗೆ ಕೊಟ್ಟರೆ ರಿಲೇ ಎಳೆಯುವುದೇ ಇಲ್ಲ, ಆಮೇಲೆ ರಿಲೇಯನ್ನು ಬೈಯುತ್ತಾ ಕೂರಬೇಕು. ಎರಡೂ ಬಲ್ಬಿನ ಕಪ್ಲರ್ ಬಿಚ್ಚಿ, ಟೆಸ್ಟ್ ಲ್ಯಾಂಪಿನ ಕ್ಲಿಪ್ ಬಾಡಿಗೆ ಹಾಕಿ ತುದಿಯನ್ನು ಒಂದು ಕಪ್ಲರಿನ ಪಿನ್ನುಗಳಿಗೆ ಮುಟ್ಟಿಸಿ. ಡಿಮ್‌ಗೆ ಒಂದು ಪಿನ್, ಬ್ರೈಟ್‌ಗೆ ಇನ್ನೊಂದು ಪಿನ್ ಉರಿಸಿದರೆ ಸ್ವಿಚ್ ಪ್ಲಸ್ ಕಡೆಗಿದೆ. ಎರಡಕ್ಕೂ ಒಂದೇ ಪಿನ್ ಉರಿಸಿ ಉಳಿದೆರಡು ಸತ್ತಂತಿದ್ದರೆ ಅರ್ಥ್ ಕಡೆಗಿದೆ. ಎರಡೂ ಬಗೆಯ ಗಾಡಿಗೆ ನಡೆಯುವ ದಾರಿ ಒಂದಿದೆ: ಎರಡೂ ಬಲ್ಬಿನ ಹಳೇ ಕಪ್ಲರ್ ಬಿಚ್ಚಿ, ಒಂದು ಕಪ್ಲರಿನಲ್ಲಿ ಫಿಲಮೆಂಟ್ ಇದ್ದ ಜಾಗಕ್ಕೇ ಕಾಯಿಲ್ ಕೂರಿಸಿ. ಕಾಯಿಲಿನ ಒಂದು ತುದಿ ಎರಡೂ ಬೀಮಿಗೆ ಸೇರಿದ ಕಾಮನ್ ಪಿನ್ನಿಗೆ, ಇನ್ನೊಂದು ಆಯಾ ಬೀಮ್ ಪಿನ್ನಿಗೆ. ಒಳಗೆ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಇರುವ ರಿಲೇಯಾದರೆ ಮಾತ್ರ ದಿಕ್ಕು ನೋಡಿ, 86 ಪ್ಲಸ್ಸಿಗೆ. ಇನ್ನೊಂದು ಬದಿಯ ಕಪ್ಲರನ್ನು ಸ್ಲೀವ್ ಹಾಕಿ ಮುಚ್ಚಿಬಿಡಿ. ಮುಗಿದ ಮೇಲೆ ಡ್ಯಾಶಿನ ನೀಲಿ ಇಂಡಿಕೇಟರ್ ಸರಿಯಾಗಿ ಉರಿಯುತ್ತಾ ನೋಡಿ. ಅರ್ಥ್ ಸ್ವಿಚ್ಚಿನ ಗಾಡಿಗಳಲ್ಲಿ ಅದು ಎಡವಟ್ಟು ಮಾಡುವುದುಂಟು.

24 ವೋಲ್ಟ್ ಲಾರಿಗೆ 24 ವೋಲ್ಟ್ ರಿಲೇಯೇ ಬೇಕು, 12ರದ್ದು ಹಾಕಿದರೆ ಕಾಯಿಲ್ ಹೊಗೆಯಾಡುತ್ತದೆ. ಹೆಡ್‌ಲೈಟನ್ನು ಕಂಟ್ರೋಲ್ ಮಾಡ್ಯೂಲ್ (ಎಲೆಕ್ಟ್ರಾನಿಕ್ ಪೆಟ್ಟಿಗೆ) ಪಲ್ಸ್ ಮಾಡಿ, ಅಂದರೆ ಕ್ಷಣಕ್ಷಣಕ್ಕೆ ಆನ್-ಆಫ್ ಮಾಡಿ ಉರಿಸುವ ಹೊಸ ಗಾಡಿಗಳಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ, ರಿಲೇ ಗುಂಯ್ ಅನ್ನುತ್ತಾ ಕೂರುತ್ತದೆ.

ರಿಲೇ ಕೂರಿಸುವಾಗ ಪಿನ್ ಕೆಳಮುಖವಾಗಿರಲಿ, ನೀರು ನಿಲ್ಲಬಾರದು. ಸುಟ್ಟ ಕಪ್ಲರಿನ ಹಳೇ ಟರ್ಮಿನಲ್ ಬಿಗಿತ ಕಳೆದುಕೊಂಡಿರುತ್ತದೆ, ಅದರೊಳಗೇ ಹೊಸ ಸ್ವಿಚ್ ಚುಚ್ಚಬೇಡಿ, ಟರ್ಮಿನಲ್ ಬದಲಾಯಿಸಿ.

ಡೆಲಿವರಿಗೆ ಎಷ್ಟೇ ಅವಸರ ಮಾಡಲಿ, ಮೀಟರ್ ಹಿಡಿಯದೆ ಗಾಡಿ ಬಿಡಬಾರದು. ಲೈಟ್ ಉರಿಯುತ್ತಿರುವಾಗಲೇ ಬ್ಯಾಟರಿ ಪ್ಲಸ್ಸಿನಿಂದ ಬಲ್ಬಿನ ಪ್ಲಸ್ ಪಿನ್ನಿಗೆ ಅಳೆಯಿರಿ, ಅರ್ಧ ವೋಲ್ಟಿಗಿಂತ ಕಡಿಮೆ ಬರಬೇಕು. ಅರ್ಥ್ ಕಡೆಗೂ ಹಾಗೇ ಅಳೆಯಿರಿ. ಬಲ್ಬಿಗೆ ಸಿಗುವ ವೋಲ್ಟೇಜ್ 10% ಇಳಿದರೆ ಬೆಳಕು ಸುಮಾರು 30% ಇಳಿಯುತ್ತದೆ, ಹಾಗಾಗಿ ಇದು ಬರೀ ಸ್ವಿಚ್ಚಿನ ಮಾತಲ್ಲ. ಆಮೇಲೆ 30 ಮತ್ತು 87ರ ನಡುವೆ ಅಳೆಯಿರಿ: 0.2 ವೋಲ್ಟ್ ದಾಟಿದರೆ ಆ ರಿಲೇ ಬೇಡ, ಡಬ್ಬದ ಮೇಲೆ 40 ಆಂಪ್ ಅಂತ ಬರೆದಿದ್ದರೂ ಸರಿ. ಇಂಜಿನ್ ಓಡಿಸಿ ಇಪ್ಪತ್ತು ನಿಮಿಷ ಹೈ ಬೀಮ್ ಬಿಟ್ಟು ಫ್ಯೂಸ್ ಹೋಲ್ಡರನ್ನೂ ಲಗ್ಗುಗಳನ್ನೂ ಬೆರಳಿಂದ ಮುಟ್ಟಿ. ಬೆರಳು ಇಡಲಾಗದಷ್ಟು ಬಿಸಿ ಇದ್ದ ಲಗ್ಗನ್ನು ಕತ್ತರಿಸಿ, ಹೊಸದನ್ನು ಕ್ರಿಂಪ್ ಮಾಡಿ (ವೈರಿಗೆ ಒತ್ತಿ ಕೂರಿಸಿ).