ಮಧ್ಯದಲ್ಲಿ ಬಾಯಿ ಹಾಕೋ ಚಟ

ನಾನು ಬೆಂಗಳೂರಲ್ಲಿ ನರ್ಸುಗಳಿಗೆ ಜರ್ಮನ್ ಹೇಳ್ಕೊಡ್ತೀನಿ. ಜರ್ಮನೀಲಿ ಪೂರ್ತಿ ನರ್ಸ್ ಅಂತ ಒಪ್ಕೋಬೇಕಂದ್ರೆ ಸಾಮಾನ್ಯವಾಗಿ ಭಾಷೇಲಿ ಬಿ2 ಅನ್ನೋ ಲೆವೆಲ್ ಕೇಳ್ತಾರೆ, ಅದಕ್ಕೂ ಮೊದ್ಲು ಬಿ1 ದಾಟ್ಬೇಕು. ಜರ್ಮನ್ ಕಲಿಸೋ ಸಂಸ್ಥೆ ಮ್ಯಾಕ್ಸ್ ಮುಲ್ಲರ್ ಭವನದ ಬಿ1 ಪರೀಕ್ಷೆಲಿ ಓದೋದು, ಕೇಳೋದು, ಬರೆಯೋದು, ಮಾತಾಡೋದು ಅಂತ ನಾಲ್ಕು ಭಾಗ, ಒಂದೊಂದ್ರಲ್ಲೂ 100ಕ್ಕೆ 60 ತಗೋಬೇಕು.

ಹಾಸನದ ಕಡೆಯ ಒಬ್ಳು ಹುಡುಗಿ ಇದ್ಳು, ಹತ್ತನೇ ಕ್ಲಾಸ್ ತನಕ ಕನ್ನಡ ಮೀಡಿಯಂ. ಬರೆಯೋದ್ರಲ್ಲಿ ಮುಂದು, ಬಾಯಿ ಮಾತ್ರ ಬಿಡ್ತಿರ್ಲಿಲ್ಲ. ಕಾನ್ಫಿಡೆನ್ಸ್ ಇಲ್ಲ ಪಾಪ ಅಂದ್ಕೊಂಡಿದ್ದೆ. ಒಂದಿನ ರೋಲ್ ಪ್ಲೇಲಿ ಅವಳು ನರ್ಸು, ನಾನು ಪೇಷಂಟು. ಜರ್ಮನ್‌ನಲ್ಲಿ ಪ್ರತಿ ನಾಮಪದಕ್ಕೂ ಒಂದು ಲಿಂಗ ಇರತ್ತೆ, ಅದಕ್ಕೆ ತಕ್ಕಂತೆ ಮುಂದೆ ಡೇರ್, ಡೀ ಅಥ್ವಾ ಡಾಸ್ ಬರತ್ತೆ. ಬೆಡ್‌ಗೆ ಅವಳು 'ಡೇರ್ ಬೆಟ್' ಅಂದ್ಳು, ನಾನು ತಕ್ಷಣ 'ಡಾಸ್ ಬೆಟ್' ಅಂದೆ, ಅಷ್ಟೇ, ಸುಮ್ನಾಗ್ಬಿಟ್ಳು. ಟೀ ಕುಡಿಯೋವಾಗ ಮೆಲ್ಲಗೆ ಹೇಳಿದ್ಳು, "ಮೇಡಂ, ಬೆಡ್ ಸ್ವಲ್ಪ ಮೇಲೆ ಮಾಡ್ಲಾ ಅಂತ ಕೇಳೋಳಿದ್ದೆ, ನೀವು ತಿದ್ದಿದ್ಮೇಲೆ ಏನ್ ಕೇಳ್ಬೇಕಿತ್ತು ಅನ್ನೋದೇ ಮರ್ತೋಯ್ತು. ಸ್ಕೂಲಲ್ಲಿ ಇಂಗ್ಲಿಷ್ ಮಾತಾಡೋವಾಗ್ಲೂ ಹಿಂಗೇ ಆಗ್ತಿತ್ತು."

ಅವತ್ತಿಂದ ಮಾತಿನ ಮಧ್ಯೆ ಬಾಯಿ ಹಾಕೋದು ಬಿಟ್ಟೆ. ಬಿಟ್ಟೆ ಅಂದ್ರೆ ಸುಲಭಕ್ಕಲ್ಲ, ಪೆನ್ನು ಕಚ್ಕೊಂಡು ಕೂರ್ತಿದ್ದೆ. ತಪ್ಪೆಲ್ಲ ನೋಟ್‌ಬುಕ್ಕಲ್ಲಿ ಬರ್ಕೊಂಡು, ಮಾತು ಮುಗಿದ್ಮೇಲೆ ಎರಡೋ ಮೂರೋ ಮಾತ್ರ ಹೇಳೋದು. ಇದ್ರಲ್ಲಿ ನಷ್ಟಾನೂ ಇದೆ, ಕೆಲವರಿಗೆ ಡೇರ್-ಡೀ-ಡಾಸ್ ತಪ್ಪು ನಾಲಿಗೆಗೆ ಅಂಟ್ಕೊಂಡು ಕೂತಿದೆ, ಅದನ್ನ ಬಿಡಿಸೋಕೆ ಈಗ್ಲೂ ಒದ್ದಾಡ್ತಿದೀನಿ.

ಇನ್ನೊಂದು, ಗ್ರಾಮರನ್ನ ಇಂಗ್ಲಿಷ್ ಮೂಲಕ ಹೇಳೋದು ಕಮ್ಮಿ ಮಾಡ್ದೆ. 'ಜೀ' ಅಂದ್ರೆ ನೀವು, 'ಡು' ಅಂದ್ರೆ ನೀನು, ಕನ್ನಡದವ್ರಿಗೆ ಇದನ್ನ ವಿವರಿಸೋದೇ ಬೇಡ. 'ವೈಲ್', ಅಂದ್ರೆ 'ಯಾಕಂದ್ರೆ', ಬಂದ್ರೆ ಕ್ರಿಯಾಪದ ಕೊನೆಗೆ ಹೋಗತ್ತೆ, ನಮ್ಮಲ್ಲಂತೂ ಅದು ಇರೋದೇ ಕೊನೇಲಿ. ಪಟಪಟ ಇಂಗ್ಲಿಷ್ ಮಾತಾಡೋರು ಇಲ್ಲೇ ಎಡವ್ತಾರೆ, ಅವರಿಗೆ ಆ ಹಾಸನದ ಹುಡುಗಿ ಬೋರ್ಡಲ್ಲಿ ಬರ್ದು ತೋರ್ಸೋಕೆ ಶುರು ಮಾಡಿದ್ಳು, ಅದೂ ಜೋರು ದನೀಲಿ! ಜರ್ಮನ್‌ನಲ್ಲಿ ಎಲ್ರೂ ಸೊನ್ನೆಯಿಂದ ಶುರು, ಕಾನ್ವೆಂಟ್ ಮಕ್ಕಳೂ ಅಷ್ಟೇ, ಅದು ಅವಳಿಗೆ ಗೊತ್ತಾಗ್ಬಿಟ್ಟಿತ್ತು ಅನ್ಸತ್ತೆ.

ಪರೀಕ್ಷೆಯ ಹಿಂದಿನ ವಾರ ಮಾಕ್ ಟೆಸ್ಟಲ್ಲಿ ಯಾಕೆ ಭಯ ಅಂತ ಜರ್ಮನ್‌ನಲ್ಲೇ ಕೇಳ್ದೆ. "ವೈಲ್ ಮೈನ್ ಡಾಯ್ಚ್ ನಿಷ್ಟ್ ಗೂಟ್ ಇಸ್ಟ್" ಅಂದ್ಳು, ನನ್ನ ಜರ್ಮನ್ ಚೆನ್ನಾಗಿಲ್ವಲ್ಲ ಅದಕ್ಕೆ ಅಂತ. ಒಂದೇ ಒಂದು ತಪ್ಪಿಲ್ಲ. ನಾನು ನಕ್ಕೆ, ಯಾಕೆ ಅಂತ ಅವಳಿಗೆ ಗೊತ್ತಾಗೋಕೆ ಒಂದು ನಿಮಿಷ ಬೇಕಾಯ್ತು.