ಮೊದಲು ಆರನೇ ವಚನ ಓದಿ

ಅಡ್ವೆಂಟ್, ಅಂದರೆ ಕ್ರಿಸ್ಮಸ್‌ಗೆ ಮುಂಚಿನ ವಾರಗಳು ಬಂತೆಂದರೆ ನಮ್ಮ ಸಭೆಯಲ್ಲಿ ಮುಪ್ಪಿನಲ್ಲಿ ಯೋಹಾನನನ್ನು ಹೆತ್ತ ಎಲಿಸಬೇತಳ ಕಥೆ ಬಂದೇ ಬರುತ್ತದೆ. ಅದರ ಬೆನ್ನಿಗೇ ಯಾರಾದರೊಬ್ಬರು ಮಕ್ಕಳಿಲ್ಲದ ನನ್ನ ಕೈ ಹಿಡಿದು, "ನೋಡಮ್ಮ, ಆ ವಯಸ್ಸಲ್ಲೂ ಕೊಟ್ಟ ದೇವರು. ನಂಬಿಕೆ ಗಟ್ಟಿ ಮಾಡ್ಕೋ" ಅನ್ನುತ್ತಿದ್ದರು. ನನಗೀಗ ಐವತ್ತು ದಾಟಿದೆ. ಆ ಮಾತು ನನ್ನನ್ನು ಬಿಟ್ಟು ಚಿಕ್ಕವರ ಕಡೆ ತಿರುಗಿದೆ. ಹೋದ ಭಾನುವಾರ ಆರಾಧನೆ ಮುಗಿದ ಮೇಲೆ ಒಬ್ಬ ಹುಡುಗಿ ಅದನ್ನು ಕೇಳಿಸಿಕೊಂಡು, ಚಹಾದ ಲೋಟ ಹಾಗೇ ಇಟ್ಟು ಹೊರಟುಹೋದಳು. ಇದನ್ನು ಅವಳಿಗಾಗಿಯೇ ಬರೆಯುತ್ತಿದ್ದೇನೆ.

ಲೂಕನ ಸುವಾರ್ತೆಯ 1ನೇ ಅಧ್ಯಾಯ ತೆಗೆಯಿರಿ. ಎಲಿಸಬೇತಳಿಗೂ ಅವಳ ಗಂಡ ಜಕರೀಯನಿಗೂ ಮಕ್ಕಳಿರಲಿಲ್ಲ, ಇಬ್ಬರಿಗೂ ವಯಸ್ಸಾಗಿತ್ತು ಅನ್ನುವುದು 7ನೇ ವಚನ. ಜಕರೀಯನೂ ಎಲಿಸಬೇತಳೂ ದೇವರ ಮುಂದೆ ನೀತಿವಂತರು, ತಪ್ಪಿಲ್ಲದೆ ನಡೆದವರು ಅನ್ನುವುದು 6ನೇ ವಚನ. ಮಗುವಿನ ಸುದ್ದಿಯೇ ಇಲ್ಲದಾಗ! ಲೂಕ ಇದನ್ನು ಸುಮ್ನೆ ಮೊದಲು ಇಟ್ಟಿಲ್ಲ. ಮಡಿಲು ತುಂಬದಿರುವುದಕ್ಕೆ ಪಾಪ ಕಾರಣ, ಅಪನಂಬಿಕೆ ಕಾರಣ ಅನ್ನುವವರ ಬಾಯಿಗೆ ಅಲ್ಲೇ ಬೀಗ ಹಾಕಿದ್ದಾನೆ.

ಇನ್ನು ಗಟ್ಟಿ ನಂಬಿಕೆಯ ವಿಷಯ. ಜಕರೀಯ ಯಾಜಕ. ಚೀಟಿ ಬಿದ್ದು ದೇವಾಲಯದೊಳಗೆ ಧೂಪ ಹಾಕಲು ಹೋದವನು. ಧೂಪವೇದಿಯ ಬಲಗಡೆ ದೇವದೂತನೇ ನಿಂತು ನಿನಗೆ ಮಗ ಹುಟ್ಟುತ್ತಾನೆ ಎಂದು ಹೇಳಿದರೂ ನಂಬಲಿಲ್ಲ, ಮೂಕನಾದ. ಆದರೂ ಯೋಹಾನ ಹುಟ್ಟಿದ.

ಅಬ್ರಹಾಮನ ಹೆಂಡತಿ ಸಾರಳದ್ದೂ ಅಷ್ಟೇ. ಮಮ್ರೆಯ ತೋಪಿನಲ್ಲಿ ಅತಿಥಿಗಳು ಹೊರಗೆ ಊಟಕ್ಕೆ ಕೂತಿದ್ದರು, ಅವಳು ಗುಡಾರದ ಬಾಗಿಲಲ್ಲಿ ನಿಂತು ತನಗೆ ಮಗ ಹುಟ್ಟುವ ಮಾತು ಕೇಳಿಸಿಕೊಂಡಳು. ಒಳಗೊಳಗೇ ನಕ್ಕಳು. ಯಾಕೆ ನಕ್ಕಿದ್ದು ಅಂತ ಪ್ರಶ್ನೆ ಬಂದಾಗ ಹೆದರಿ, ನಗಲಿಲ್ಲ ಅಂದಳು. "ಇಲ್ಲ, ನೀನು ನಕ್ಕೆ" ಎಂದ ಕರ್ತನಾದ ದೇವರು ಮಾತನ್ನು ಅಲ್ಲಿಗೇ ಬಿಟ್ಟ. ಶಿಕ್ಷೆಯಿಲ್ಲ, ಕೊಟ್ಟ ಮಾತು ವಾಪಸ್ ತಗೊಳ್ಳಲಿಲ್ಲ. ಅದಕ್ಕೂ ಮೊದಲು ಅಬ್ರಹಾಮನೇ ಬೋರಲು ಬಿದ್ದು ನಕ್ಕಿದ್ದ: 100 ವರ್ಷದವನಿಗೆ ಮಗುವೇ, 90 ವರ್ಷದ ಸಾರಳು ಹೆತ್ತಾಳೆಯೇ ಅಂತ. ಇಬ್ರಿಯರಿಗೆ ಬರೆದ ಪತ್ರಿಕೆಯ 11ನೇ ಅಧ್ಯಾಯಕ್ಕೆ ಬಂದರೆ, ನಂಬಿಕೆಯಿಂದ ಬಾಳಿದವರ ಪಟ್ಟಿಯಲ್ಲಿ ಈ ನಕ್ಕ ಸಾರಳೂ ಇದ್ದಾಳೆ.

ನಂಬಿಕೆಯನ್ನು ತೂಗಿ ನೋಡಿ ಮಗು ಕೊಡುವ ದೇವರು ಇವನಲ್ಲ ಅಲ್ವಾ?

ಎಲಿಸಬೇತಳು ಬಸುರಿಯಾದ ಮೇಲೆ 5 ತಿಂಗಳು ಮನೆ ಬಿಟ್ಟು ಹೊರಗೆ ಬರಲಿಲ್ಲ. ಯಾಕೆಂದು ಲೂಕ ಹೇಳುವುದಿಲ್ಲ. ನನಗೇನೋ ಅರ್ಥವಾಗುತ್ತದೆ. ಜನರ ನಡುವೆ ನನಗಿದ್ದ ಅವಮಾನವನ್ನು ಕರ್ತನು ತೆಗೆದುಹಾಕಿದ ಅನ್ನುತ್ತಾಳೆ. ಅವಮಾನ ಮಾಡಿದ್ದು ಊರಿನವರು, ಅವನಲ್ಲ. ಎಂಟನೇ ದಿನ ಸುನ್ನತಿಗೆ ಬಂದ ನೆಂಟರು, ನೆರೆಯವರು ಮಗುವಿಗೆ ಅಪ್ಪನ ಹೆಸರೇ ಇಡಲು ಹೊರಟರು. "ಬೇಡ, ಯೋಹಾನ ಅಂತಲೇ ಇಡಬೇಕು" ಅಂದಳು ಹೆತ್ತವಳು. ನಿಮ್ಮ ಬಂಧುಬಳಗದಲ್ಲಿ ಆ ಹೆಸರಿನವರು ಯಾರೂ ಇಲ್ಲವಲ್ಲ ಎಂದು ಅವಳ ಮಾತು ಬದಿಗಿಟ್ಟು ಗಂಡನಿಗೆ ಸನ್ನೆ ಮಾಡಿ ಕೇಳಿದರು! ಅವನು ಹಲಗೆ ತರಿಸಿಕೊಂಡು ಅವಳು ಹೇಳಿದ ಹೆಸರನ್ನೇ ಬರೆದ. ಆಮೇಲೇ ಅವನಿಗೆ ಮಾತು ಬಂದದ್ದು.

ದೇವರಿಗೆ ಅಸಾಧ್ಯವಾದದ್ದಿಲ್ಲ ಎಂದು ಇವತ್ತಿಗೂ ಮನಸಾರೆ ನಂಬುತ್ತೇನೆ. ನನಗೆ ಮಗು ಕೊಡಲಿಲ್ಲ. ಅತ್ತಿದ್ದೇನೆ, ಅವನ ಹತ್ತಿರ ಜಗಳವಾಡಿದ್ದೇನೆ, ಅವನನ್ನು ಬಿಟ್ಟಿಲ್ಲ. ಅವನೂ ನನ್ನನ್ನು ಬಿಟ್ಟಿಲ್ಲ.

ಮುಂದಿನ ಸ್ತ್ರೀಯರ ಕೂಟದಲ್ಲಿ ವಾಕ್ಯ ಓದುವ ಸರದಿ ನನ್ನದು. 5ರಿಂದ 7ರವರೆಗೆ ಓದಿ ಅದರ ಮೇಲೆಯೇ ಮಾತಾಡುತ್ತೇನೆ ಅಂತ ಪಾದ್ರಿ ಅಯ್ಯನವರಿಗೆ ಹೇಳಿದೆ. "ಮೂರೇ ವಚನ ಸಾಕಾ?" ಅಂದರು. ಸಾಕು ಅಂದೆ.